ಎರಡು ಸೀಟಿನ ಸವತಿ

ಗಿತಾಹಿಯ ಕಾರು ಅವನ ಮನೆಗೆ ಓಡಿಕೊಂಡು ಬರಲಿಲ್ಲ. ಲಾರಿಯ ಬೆನ್ನೇರಿ, ಹಗ್ಗ ಬಿಗಿಸಿಕೊಂಡು, ನೀಲಿ ಟಾರ್ಪಾಲು ಹೊದ್ದು, ಪಲ್ಲಕ್ಕಿಯಲ್ಲಿ ಬರುವ ಹೊಸ ಸೊಸೆಯ ಗತ್ತಿನಲ್ಲಿ ಬಂತು. ನೈರೋಬಿಯ ಹೊರಗಿನ ಆ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳವರೆಲ್ಲ ಒಣಹಾಕಿದ ಬಟ್ಟೆಗಳ ಸಂದಿಯಿಂದ ಇಣುಕಿದರು. ಟಾರ್ಪಾಲು ಸರಿಸಿದಾಗ ಕಂಡದ್ದು ಎರಡೇ ಸೀಟಿನ, ಮೊಣಕಾಲಿಗಿಂತ ಸ್ವಲ್ಪವೇ ಎತ್ತರದ, ಕೆಂಪು ಜಪಾನಿ ಸ್ಪೋರ್ಟ್ಸ್ ಕಾರು. ಕೆಂಪು ಎಂಬುದು ಗಿತಾಹಿಯ ಮಾತು. ಬಿಸಿಲಲ್ಲಿ ನಿಂತು ನಿಂತು ಅದು ಬೀಟ್‌ರೂಟ್ ತೊಳೆದ ನೀರಿನ ಬಣ್ಣಕ್ಕೆ ಇಳಿದಿತ್ತು.

ಅವನು ಮದುವೆಯಾಗಬೇಕಿದ್ದ ಹುಡುಗಿ ನ್ಯಾಗುಥಿ ಅದನ್ನೊಂದು ಸುತ್ತು ಹಾಕಿದಳು.

"ಹಿಂದಿನ ಚಕ್ರ ಎಲ್ಲಿ?"

"ಬರುತ್ತೆ."

"ಇನ್ನೊಂದು ಹೆಡ್‌ಲೈಟು?"

"ಅದು ಒಳಗಡೆ ನಿದ್ದೆ ಮಾಡ್ತಿದೆ. ಸ್ವಿಚ್ ಹಾಕಿದ್ರೆ ರೆಪ್ಪೆ ಬಿಚ್ಚಿದ ಹಾಗೆ ಮೇಲೆ ಬರುತ್ತೆ ಕಣೇ. ಎಂಥಾ ಕಲೆ ಗೊತ್ತಾ! ಕಡಲೆಕಾಯಿ ದುಡ್ಡಿಗೆ ಸಿಕ್ತು. ಮಾರಿದವನ ಕಣ್ಣಲ್ಲಿ ನೀರು ಬಂತು, ಪಾಪ."

"ಬರದೆ ಇರುತ್ತಾ? ಅವನ ಕಷ್ಟ ಮುಗೀತಲ್ಲ."

ಇಂಥ ಹಳೆಯ ಗಾಡಿಗಳನ್ನು ಈಗ ಬಂದರಿನಲ್ಲಿ ಇಳಿಸಲು ಸರ್ಕಾರ ಬಿಡುವುದಿಲ್ಲ. ಹಾಗಾಗಿ ಎಂದೋ ಬಂದಿಳಿದವೇ ಒಬ್ಬ ಕನಸುಗಾರನ ಅಂಗಳದಿಂದ ಇನ್ನೊಬ್ಬ ಕನಸುಗಾರನ ಅಂಗಳಕ್ಕೆ ಲಾರಿಯ ಮೇಲೆ ಸವಾರಿ ಮಾಡುತ್ತ ಆಯಸ್ಸು ಕಳೆಯುತ್ತವೆ. ಇದಕ್ಕಾಗಿ ಗಿತಾಹಿ ತನ್ನ ಬೂದು ಬಣ್ಣದ, ಹಿಂದೆ ನಾಲ್ಕು ಚೀಲ ಆಲೂಗಡ್ಡೆ ಹಿಡಿಯುತ್ತಿದ್ದ, ಕೀಲಿ ತಿರುಗಿಸಿದರೆ ಹೊರಟೇಬಿಡುತ್ತಿದ್ದ ಕಾರನ್ನು ಮಾರಿದ್ದ. ಉದ್ಯೋಗದಲ್ಲಿ ಅವನು ಇನ್ಷೂರೆನ್ಸ್ ಏಜೆಂಟ್. ಬೆಳಗಿನಿಂದ ಸಂಜೆಯವರೆಗೆ ಊರಿನವರಿಗೆಲ್ಲ ಅಪಾಯದ ಬಗ್ಗೆ ಬುದ್ಧಿ ಹೇಳುವುದೇ ಅವನ ಕೆಲಸ.

"ಇದನ್ನ ಷೋಕಿಗೆ ಅಲ್ಲ, ದಿನಾ ಆಫೀಸಿಗೆ ಹೋಗೋಕೆ ರೆಡಿ ಮಾಡ್ತೀನಿ," ಎಂದ. "ದಿನಾ ಓಡಿಸೋ ಗಾಡಿಗೆ ಒಂದು ಜೀವ ಅಂತ ಇರಬೇಕು. ಡಿಸೆಂಬರಲ್ಲಿ ನಿಮ್ಮ ಗುಕಾ ಮನೆಗೆ ಇದರಲ್ಲೇ ಬರ್ತೀನಿ, ನೋಡ್ತಾ ಇರು."

ಗುಕಾ ಎಂದರೆ ನ್ಯಾಗುಥಿಯ ಅಜ್ಜ. ನ್ಯೇರಿಯ ಬೆಟ್ಟದ ಮೇಲೆ ಅವರ ಮನೆ. ಡಿಸೆಂಬರಿನಲ್ಲಿ ಗಂಡಿನ ಕಡೆಯವರು ಅಲ್ಲಿಗೆ ಬರಬೇಕು, ಮೇಕೆ ಕಡಿಯಬೇಕು, ಗುಕಾ ಹೆಂಡದ ಕೊಂಬನ್ನು ಎತ್ತಿ "ಇದನ್ನು ಕುಡಿಯೋಣವೇ ಮಗಳೇ?" ಎಂದು ಎಲ್ಲರೆದುರು ಕೇಳಬೇಕು. ಹುಡುಗಿ ಹೂಂ ಎಂದರೆ ಮದುವೆ, ಉಹೂಂ ಎಂದರೆ ಬಂದ ಮೇಕೆಗಳು ಬಂದ ದಾರಿ ಹಿಡಿಯಬೇಕು. ಆ ಒಂದು ಹೂಂ ಅನ್ನು ನ್ಯಾಗುಥಿ ಕಲ್ಲುಸಕ್ಕರೆಯ ಹಾಗೆ ಆಗಲೇ ಬಾಯಲ್ಲಿಟ್ಟುಕೊಂಡಿದ್ದಳು. ಗಿತಾಹಿಯ ನಗು ಅವಳಿಗೆ ಇಷ್ಟವಾಗಿತ್ತು. ಕೈಯಾಡಿಸಿ ಮಾತಾಡುವ ಅವನ ಉತ್ಸಾಹ ಇಷ್ಟವಾಗಿತ್ತು. ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ಕುಣಿತಕ್ಕೆ ಬಂದ ಚಂದದ ಹುಡುಗನ ಹಿಂದೆ ಹೋದ ಹುಡುಗಿಗೆ ಕಾಡಿನ ನಡುವೆ ಗೊತ್ತಾಗುತ್ತಿತ್ತು, ಅವನ ತಲೆಯ ಹಿಂಭಾಗದಲ್ಲಿ ಇನ್ನೊಂದು ಬಾಯಿದೆ, ಅದು ನೊಣ ತಿನ್ನುತ್ತದೆ ಎಂದು. ಗಿತಾಹಿಯ ತಲೆಯ ಹಿಂದೆ ಅವಳು ಆಗಲೇ ನೋಡಿದ್ದಳು. ಬಾಯಿ ಇರಲಿಲ್ಲ. ಬಾನೆಟ್ಟಿನ ಕೆಳಗೆ ನೋಡಬೇಕೆಂದು ಯಾವ ಅಜ್ಜಿಯೂ ಹೇಳಿಕೊಟ್ಟಿರಲಿಲ್ಲ.

ಕಾರಿಗೆ ಅವನು ಮಲ್ಕಿಯಾ ಎಂದು ಹೆಸರಿಟ್ಟ. ಮಲ್ಕಿಯಾ ಎಂದರೆ ರಾಣಿ. ರಾಣಿಯ ಅರಮನೆ ಹೆದ್ದಾರಿಯ ಪಕ್ಕದಲ್ಲಿ, ತಗಡಿನ ಸೂರಿನಡಿ, ಒಗುಟು ಎಂಬ ಫುಂಡಿಯ, ಅಂದರೆ ಮೆಕ್ಯಾನಿಕ್ಕಿನ, ಗ್ಯಾರೇಜಿನಲ್ಲಿ. ಒಗುಟುವಿಗೆ ರಿಪೇರಿ ಬರುತ್ತಿತ್ತು, ಅದಕ್ಕಿಂತ ಚೆನ್ನಾಗಿ ಮಾತು ಬರುತ್ತಿತ್ತು, ಎರಡಕ್ಕಿಂತ ಚೆನ್ನಾಗಿ ಅದಲುಬದಲು ಬರುತ್ತಿತ್ತು. ಅಲ್ಲಿ ಗಾಡಿ ಬಿಟ್ಟು ಚಹಾ ಕುಡಿಯಲು ಹೋದರೆ ತಿರುಗಿ ಬರುವಷ್ಟರಲ್ಲಿ ನಿಮ್ಮ ಗಾಡಿಯ ಒಳ್ಳೆಯ ರೇಡಿಯೇಟರ್ ಪಕ್ಕದ ಟ್ಯಾಕ್ಸಿಗೆ, ಟ್ಯಾಕ್ಸಿಯ ಸೋರುವ ರೇಡಿಯೇಟರ್ ನಿಮ್ಮ ಗಾಡಿಗೆ ಹೋಗಿ ಕೂತಿರುತ್ತಿತ್ತು. ಆದ್ದರಿಂದ ಶನಿವಾರ ಗಾಡಿ ರಿಪೇರಿಗೆ ಬಿಟ್ಟ ಗಂಡಸರೆಲ್ಲ ಬಣ್ಣದ ಡಬ್ಬಿಗಳನ್ನು ಮಗುಚಿ ಹಾಕಿಕೊಂಡು ತಂತಮ್ಮ ಗಾಡಿಯ ಬಳಿ ಕಾವಲು ಕೂರುವುದು ಊರಿನ ಪದ್ಧತಿ. ಇಷ್ಟು ಜನ ಗಂಡಸರು ಇಷ್ಟು ತಾಳ್ಮೆಯಿಂದ ಹೆರಿಗೆ ವಾರ್ಡಿನ ಹೊರಗೆ ಕೂತದ್ದನ್ನು, ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನ್ಯಾಗುಥಿ ಎಂದೂ ನೋಡಿರಲಿಲ್ಲ.

ಶನಿವಾರ ಒಂದೇ ಅವಳಿಗೂ ಅವನಿಗೂ ಒಟ್ಟಿಗೆ ಬರುವ ಬಿಡುವು. ಹಾಗಾಗಿ ಅವಳೂ ಒಂದು ಡಬ್ಬಿ ಮಗುಚಿ ಹಾಕಿಕೊಂಡಳು. ಚಪಾತಿ, ಹೆಸರುಕಾಳಿನ ಸಾರು ಕಟ್ಟಿಕೊಂಡು ಹೋಗುತ್ತಿದ್ದಳು.

"ಅತ್ತಿಗೆ ಬಂದ್ರು!" ಎಂದು ಕಾರಿನ ಕೆಳಗಿನಿಂದಲೇ ಒಗುಟು ಕೂಗುತ್ತಿದ್ದ. ಹೊರಗೆ ಕಾಣುತ್ತಿದ್ದುದು ಅವನ ಎರಡು ಕಾಲು ಮಾತ್ರ. "ಅತ್ತಿಗೆ, ಇವತ್ತು ಮುಗಿದೇ ಹೋಯ್ತು. ಒಂದೇ ಒಂದು ನಟ್ಟು ಬಾಕಿ."

"ಹೋದ ವಾರಾನೂ ಒಂದೇ ನಟ್ಟು ಅಂದಿದ್ರಿ."

"ಅದು ಆ ನಟ್ಟು. ಇದು ಈ ನಟ್ಟು. ಒಂದೊಂದು ನಟ್ಟಿಗೂ ಅದರದ್ದೇ ಆದ ದಿನ ಬರುತ್ತೆ ಅತ್ತಿಗೆ, ದೇವರು ಬರೆದಿರ್ತಾನೆ."

ಗಿತಾಹಿ ಒಂದು ಕೈಯಲ್ಲಿ ಚಪಾತಿ ಹಿಡಿದು, ಇನ್ನೊಂದು ಕೈಯನ್ನು ಅವಳ ಬಾಯಿಗೆ ಅಡ್ಡ ಹಿಡಿಯುತ್ತಿದ್ದ. "ಶ್! ಕೇಳು. ಕೇಳಿಸ್ತಾ? ಮೂರನೇ ಸಿಲಿಂಡರು. ಸ್ವಲ್ಪ ಬೇಜಾರಲ್ಲಿದೆ."

ಒಂದು ಶನಿವಾರ ಅವಳು ಸೊಂಟದವರೆಗಿದ್ದ ಜಡೆಗಳನ್ನೆಲ್ಲ ಬಿಚ್ಚಿಸಿ, ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡು ಹೋದಳು. ಇಡೀ ಗ್ಯಾರೇಜು ತಿರುಗಿ ನೋಡಿತು. ಒಗುಟು ಹಾಸುಹಲಗೆಯ ಮೇಲೆ ಜಾರಿಕೊಂಡು ಹೊರಗೆ ಬಂದು, "ಅತ್ತಿಗೆ, ಕಾಲೇಜು ಹುಡುಗಿ ಥರ ಕಾಣ್ತೀರಿ," ಎಂದ. ಗಿತಾಹಿ ಅವಳ ಭುಜ ಹಿಡಿದು, ಕಣ್ಣರಳಿಸಿ, "ಏನೋ ಬದಲಾಗಿದೆ ಅಲ್ವಾ? ಹೇಳು ನೋಡೋಣ," ಎಂದ. ಅವಳಿಗೆ ನಾಚಿಕೆಯಾಯಿತು. "ನೀನೇ ಹೇಳು," ಎಂದಳು.

"ಬಾಗಿಲಿನ ರಬ್ಬರು! ಎರಡೂ ಕಡೆ ಹೊಸದು!"

ಆವತ್ತು ಕಲ್ಲುಸಕ್ಕರೆ ಸ್ವಲ್ಪ ಕರಗಿತು.

ನದಿಯ ಪಕ್ಕದ ಬೀದಿಯಲ್ಲಿ ಬಿಡಿಭಾಗಗಳ ಅಂಗಡಿಗಳಿವೆ. ಕಳೆದುಹೋದದ್ದೆಲ್ಲ ಅಲ್ಲಿ ಸಿಗುತ್ತದೆ, ಅದಕ್ಕೆಂದೇ ಊರಿನವರು ಕನ್ನಡಿಯ ಮೇಲೆ, ಲೈಟಿನ ಮೇಲೆ, ಗಾಜಿನ ಮೇಲೆ ತಮ್ಮ ಗಾಡಿಯ ನಂಬರನ್ನು ಕೊರೆಸಿಕೊಂಡಿರುತ್ತಾರೆ. ಗಿತಾಹಿ ಅಲ್ಲಿಂದ ಒಂದೊಂದೇ ಅಂಗ ಆರಿಸಿ ತಂದ. ಎಡಗನ್ನಡಿಯಲ್ಲಿ ಯಾರದೋ ನಂಬರು, ಬಲಗನ್ನಡಿಯಲ್ಲಿ ಇನ್ಯಾರದೋ ನಂಬರು, ಹಿಂದಿನ ದೀಪದಲ್ಲಿ ಮೂರು ಜನರ ನಂಬರು, ಒಂದರ ಮೇಲೊಂದು ಗೀಚಿ ಅಳಿಸಿದ್ದು. ಪೊಲೀಸರು ಕಾರು ನಿಲ್ಲಿಸಿ ಸುತ್ತ ತಿರುಗಿ ಓದುತ್ತಿದ್ದರು, ಶಾಸನ ಓದುವವರ ಹಾಗೆ. "ಸಾರ್, ಇದು ಕಾರಾ, ಮತದಾರರ ಪಟ್ಟೀನಾ?" ಎಂದು ಒಬ್ಬ ಕೇಳಿದ. ಅದಾದ ಮೇಲೆ ಗಿತಾಹಿ ಕೊರೆಯುವವನನ್ನು ಕರೆಸಿ ತನ್ನ ನಂಬರನ್ನು ಎಲ್ಲದರ ಮೇಲೂ ಹಾಕಿಸಿದ. ಗಾಜು, ಲೈಟು, ಚಕ್ರದ ಮುಚ್ಚಳ, ಗೇರಿನ ಗುಂಡಿ, ಕೊನೆಗೆ ಬೂದಿ ಉದುರಿಸುವ ತಟ್ಟೆ. ಅವನು ಬೀಡಿ ಸಿಗರೇಟು ಮುಟ್ಟುವವನಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮಲ್ಕಿಯಾ ಎದ್ದು ನಿಂತಳು. ನಿಜ ಹೇಳಬೇಕೆಂದರೆ, ಕೂತಳು. ನೆಲಕ್ಕೂ ಅವಳ ಹೊಟ್ಟೆಗೂ ನಡುವೆ ಒಂದು ಬೆಕ್ಕು ಬಾಗಿ ನುಸುಳಬಹುದಿತ್ತು, ಅಷ್ಟೇ. ಮೊದಲ ದಿನ ಗಿತಾಹಿ ನ್ಯಾಗುಥಿಯನ್ನು ಕೆಲಸಕ್ಕೆ ಬಿಡಲು ಬಂದ. ಮೊದಲ ರಸ್ತೆ ಉಬ್ಬಿನ ಬಳಿ ಕಾರು ನಿಂತಿತು.

"ಸ್ವಲ್ಪ ಇಳೀತೀಯಾ?"

"ಯಾಕೆ?"

"ಇಬ್ರೂ ಇದ್ರೆ ಹೊಟ್ಟೆ ತಗಲುತ್ತೆ. ನೀನು ಇಳಿದ್ರೆ ದಾಟುತ್ತೆ."

ಅವಳು ಇಳಿದಳು. ಬಿಳಿ ಕೋಟು ತೊಟ್ಟು, ಟಿಫಿನ್ ಡಬ್ಬಿ ಹಿಡಿದು, ಉಬ್ಬನ್ನು ನಡೆದು ದಾಟಿದಳು. ಮಲ್ಕಿಯಾ ಹಿಂದೆ ಓರೆಯಾಗಿ, ಕೆಸರಿಗೆ ಸೀರೆ ಎತ್ತಿ ಹಿಡಿದವಳ ಹಾಗೆ ಬಂತು. ನ್ಯಾಗುಥಿ ಮತ್ತೆ ಹತ್ತಿದಳು. ಮುಂದೆ ಇನ್ನೊಂದು ಉಬ್ಬು. ನೈರೋಬಿಯಲ್ಲಿ ಶಾಲೆಗೊಂದು ಉಬ್ಬು, ಚರ್ಚಿಗೊಂದು ಉಬ್ಬು, ಅಪಘಾತಕ್ಕೊಂದು ಉಬ್ಬು, ಸುಮ್ಮನೆ ಬೇಸರಕ್ಕೊಂದು ಉಬ್ಬು. ಪಕ್ಕದಲ್ಲಿ ತರಕಾರಿಯ ಕೈಗಾಡಿ ಎಳೆಯುವವನು ಅವರನ್ನು ಹಿಂದೆ ಹಾಕಿದ. ಮಟಾಟು ವ್ಯಾನಿನ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಬಗ್ಗಿ ನೋಡಿ, "ಬಾಸ್, ಅದನ್ನ ಓಡಿಸ್ತಾ ಇದೀರಾ, ಚಪ್ಪಲಿ ಥರ ಮೆಟ್ಕೊಂಡಿದೀರಾ? ಅಕ್ಕಾ, ನಡೆಯೋದೇ ಆದ್ರೆ ನಮ್ಮ ವ್ಯಾನ್ ಹತ್ತಿ, ಕೂತ್ಕೊಂಡು ಹೋಗ್ಬಹುದು!" ಎಂದ. ವ್ಯಾನಿನೊಳಗಿದ್ದವರೆಲ್ಲ ನಕ್ಕರು. ನ್ಯಾಗುಥಿಯೂ ನಕ್ಕಳು. ಗಿತಾಹಿ ನಗಲಿಲ್ಲ.

"ಹೊಟ್ಟೆಕಿಚ್ಚು," ಎಂದ.

ಮಳೆ ಬಂದರೆ ಬಟ್ಟೆಯ ಚಾವಣಿ ಸರಿಯಾಗಿ ಅವಳ ತಲೆಯ ಮೇಲೆಯೇ ಸೋರುತ್ತಿತ್ತು. ಕಾರಿನೊಳಗೆ ಕೊಡೆ ಬಿಚ್ಚಿ ಕೂರುತ್ತಿದ್ದಳು. "ಕೊಡೆ ತುದಿ ಚಾವಣಿಗೆ ತಾಗಿಸ್ಬೇಡ, ಹರಿಯುತ್ತೆ," ಎಂದು ಗಿತಾಹಿ ಅಕ್ಕರೆಯಿಂದ ಹೇಳುತ್ತಿದ್ದ. ಅಕ್ಕರೆ ಇತ್ತು, ಅದನ್ನು ಯಾರೂ ಅಲ್ಲಗಳೆಯುವ ಹಾಗಿರಲಿಲ್ಲ. ಯಾರ ಮೇಲೆ ಎಂಬುದೊಂದೇ ಪ್ರಶ್ನೆ.

ಡಿಸೆಂಬರ್ ಬಂತು. ಬೆಟ್ಟದ ಮೇಲೆ ಗುಕಾನ ಅಂಗಳದಲ್ಲಿ ಬಿಳಿ ಡೇರೆ ಎದ್ದಿತು. ಗಂಡಿನ ಕಡೆಯವರು ಬಾಡಿಗೆ ವ್ಯಾನಿನಲ್ಲಿ ಬಂದು, ಹಾಡು ಹೇಳಿ, ಗೇಟು ತೆರೆಸಿಕೊಂಡು, ಮೇಕೆಗಳನ್ನು ಒಪ್ಪಿಸಿ, ಚಹಾ ಕುಡಿದು, ಮತ್ತೊಂದು ಸಲ ಚಹಾ ಕುಡಿದು, ಮಾತಾಡಲು ವಿಷಯವಿಲ್ಲದೆ ಮೋಡದ ಬಗ್ಗೆ ಮಾತಾಡುತ್ತ ಕೂತರು. ಮದುಮಗ ಬಂದಿರಲಿಲ್ಲ. ಕೊನೆಗೆ ಕೆಳಗಿನ ತಿರುವಿನಲ್ಲಿ ಏನೋ ಕೆಮ್ಮುವುದು ಕೇಳಿಸಿತು. ಕೆಮ್ಮು, ಗೊಗ್ಗರು, ನಡುವೆ ಒಂದು ಢಂ. ಮಕ್ಕಳು ಓಡಿದವು. ಹೊಸ ಕೆಂಪು ಬಣ್ಣ ಬಳಿಸಿಕೊಂಡ ಮಲ್ಕಿಯಾ ಒಂದು ಕಣ್ಣು ತೆರೆದು, ಇನ್ನೊಂದು ಕಣ್ಣು ಮುಚ್ಚಿ ಗೇಟಿನೊಳಗೆ ಬಂತು, ಇಡೀ ಸಂಬಂಧಿಕರ ಬಳಗಕ್ಕೆ ಕಣ್ಣು ಹೊಡೆಯುತ್ತ.

ಇನ್ನು ಹುಡುಗಿಯನ್ನು ಗುರುತಿಸುವ ಶಾಸ್ತ್ರ. ನ್ಯಾಗುಥಿಯನ್ನೂ ಇನ್ನೂ ನಾಲ್ಕು ಹೆಂಗಸರನ್ನೂ ತಲೆಯಿಂದ ಪಾದದವರೆಗೆ ಒಂದೇ ಬಗೆಯ ಬಣ್ಣದ ಬಟ್ಟೆ ಹೊದಿಸಿ ಸಾಲಾಗಿ ನಿಲ್ಲಿಸುತ್ತಾರೆ. ಮದುಮಗ ತನ್ನವಳನ್ನು ಆರಿಸಬೇಕು. ತಪ್ಪಿದರೆ ಹೆಂಗಸರು ಕೇಳಿದ ದಂಡ ಕೊಡಬೇಕು. ಸಾಮಾನ್ಯವಾಗಿ ಯಾರೂ ತಪ್ಪುವುದಿಲ್ಲ. ಪಾದ ನೋಡುತ್ತಾರೆ, ನಿಂತ ಭಂಗಿ ನೋಡುತ್ತಾರೆ, ಹುಡುಗಿಯೇ ಕಿಸಕ್ಕನೆ ನಕ್ಕು ಸುಳಿವು ಕೊಡುತ್ತಾಳೆ.

ಹೊಸ ಬಟ್ಟೆಯ ಗಂಜಿ ವಾಸನೆಯ ಕತ್ತಲಲ್ಲಿ ನ್ಯಾಗುಥಿ ಉಸಿರು ಬಿಗಿಹಿಡಿದು ನಿಂತಳು. ನಗಬಾರದೆಂದು ನಿಶ್ಚಯಿಸಿದ್ದಳು. ಇಷ್ಟು ಶನಿವಾರ ಪಕ್ಕದಲ್ಲಿ ಕೂತಿದ್ದೇನೆ, ಗುರುತು ಹಿಡಿಯಲಿ. ಬಟ್ಟೆಯ ಅಂಚಿನ ಕೆಳಗೆ ಅವನ ಬೂಟು ಬಂದು ನಿಂತಿತು. ಗ್ರೀಸಿನ ವಾಸನೆ ಬಂತು. ಬೂಟು ಸ್ವಲ್ಪ ಹೊತ್ತು ನಿಂತು ಮುಂದೆ ಹೋಯಿತು.

ಸಾಲಿನ ಕೊನೆಯಲ್ಲಿ ವಾರುಗುರು ಅತ್ತೆ ಇದ್ದಳು. ಅಪ್ಪನ ತಂಗಿ, ತೂಕದಲ್ಲಿ ನ್ಯಾಗುಥಿಯ ಎರಡರಷ್ಟು, ಕೀಟಲೆಯಲ್ಲಿ ಹತ್ತರಷ್ಟು. ಅವಳು ಬಟ್ಟೆಯೊಳಗಿನಿಂದ, ಹತ್ತಲೊಲ್ಲದ ಎಂಜಿನ್ನಿನ ಹಾಗೆ, ಸಣ್ಣಗೆ ಶುರುಮಾಡಿದಳು. "ಖಿ ಖಿ ಖಿ ಖಿ... ಘುರ್ರ್... ಖಿ ಖಿ... ಢುಸ್."

"ಇವಳೇ!" ಎಂದು ಗಿತಾಹಿ ಹಾರಿ ಹೋಗಿ ಅವಳ ಕೈ ಹಿಡಿದುಕೊಂಡ.

ಅತ್ತೆ ಬಟ್ಟೆ ಸರಿಸಿದಾಗ ಡೇರೆಯ ಕಂಬ ಅಲುಗುವಷ್ಟು ನಗು ಎದ್ದಿತು. "ಬಾರಪ್ಪ ಗಂಡ!" ಎಂದಳು ಅತ್ತೆ. "ನನಗೇನೂ ಅಭ್ಯಂತರ ಇಲ್ಲ, ನನ್ನ ಯಜಮಾನ್ರನ್ನ ಒಂದು ಮಾತು ಕೇಳ್ಕೊಂಡು ಬರ್ತೀನಿ. ಬೂದಿ ತಟ್ಟೆಗೂ ನಂಬರು ಕೊರೆಸಿದೀಯಂತೆ, ಈ ಹುಡುಗಿ ಮೇಲೆ ಕೊರೆಸೋಕೆ ಮರೆತುಬಿಟ್ಯಾ?"

ಎರಡನೆಯ ಸಲ ಅವನು ಬೆವರೊರೆಸಿಕೊಂಡು, ಬಹಳ ಯೋಚಿಸಿ, ಪಕ್ಕದ ಮನೆಯ ವಿಧವೆಯನ್ನು ಆರಿಸಿದ. ಈ ಸಲದ ನಗು ಮೊದಲಿನಷ್ಟು ಉದ್ದವಿರಲಿಲ್ಲ.

"ದಂಡ! ದಂಡ!" ಹೆಂಗಸರು ಕೂಗಿದರು. ಒಬ್ಬಳು ಮೇಕೆ ಎಂದಳು, ಒಬ್ಬಳು ಕಂಬಳಿ ಎಂದಳು. "ತಡೀರಿ," ಎಂದಳು ವಾರುಗುರು ಅತ್ತೆ. "ನಮಗೇನು ನಷ್ಟ ಆಗಿದೆ? ನಷ್ಟ ಆಗಿರೋಳು ಕೇಳ್ಲಿ. ಹೇಳೇ, ಬಟ್ಟೆ ಒಳಗಿರೋಳೇ, ಏನು ದಂಡ?"

ನ್ಯಾಗುಥಿ ಬಟ್ಟೆಯೊಳಗಿನಿಂದಲೇ ಹೇಳಿದಳು. "ಮಲ್ಕಿಯಾ."

"ಓ, ಅಲ್ಲಿದೀಯಾ!" ಎಂದ ಗಿತಾಹಿಯ ಮುಖ ಅರಳಿತು. ಆಮೇಲೆ ಅವಳು ಹೇಳಿದ್ದೇನೆಂಬುದು ಕಿವಿಯಿಂದ ತಲೆಗೆ ಇಳಿಯಿತು. ಅರಳಿದ್ದು ಹಾಗೇ ನಿಂತಿತು.

ಅವಳಿಗೆ ಆ ಕಾರು ಬೇಕಿರಲಿಲ್ಲ. ತಗೋ ಎಂದು ಕೀಲಿ ಕೈಗಿಟ್ಟಿದ್ದರೆ ಸಂಜೆಯೊಳಗೆ ವಾಪಸು ಅವನ ಜೇಬಿಗೆ ಹಾಕುತ್ತಿದ್ದಳು. ಬೆಟ್ಟದ ಇಳಿಜಾರಿನಲ್ಲಿ ಒಂದೊಂದು ಉಬ್ಬಿಗೂ ಇಳಿದು ಹತ್ತಿ ಅವನ ಜೊತೆಯೇ ಹೋಗುತ್ತಿದ್ದಳು. ಇದು ಅಂಗಳದಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗಿತಾಹಿಯ ದೊಡ್ಡಪ್ಪ ಅವನ ಕಿವಿಯಲ್ಲಿ ಹೇಳಿದ, ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಕೊಡ್ತೀನಿ ಅನ್ನೋ ದಡ್ಡಾ! ತಮಾಷೆಗೆ ಕೇಳ್ತಿದಾಳೆ. ಸಂಜೆ ವಾಪಸ್ ಕೊಡ್ತಾಳೆ."

"ಕೊಡದಿದ್ರೆ?" ಎಂದ ಗಿತಾಹಿ.

ದೊಡ್ಡಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಎರಡು ಮೇಕೆ ಕೊಡ್ತೀನಿ," ಗಿತಾಹಿ ಬಟ್ಟೆಗೆ ಹೇಳಿದ. "ಐದು. ಕಡಸು ಒಂದು. ನನ್ನ ಫ್ರಿಜ್ಜು, ಹೊಸದು, ಬೀಗ ಇರೋದು." ಅವನ ದನಿಯಲ್ಲಿ ಸುಳ್ಳಿರಲಿಲ್ಲ, ನಿಜವಾಗಿಯೂ ಕಷ್ಟಪಡುತ್ತಿದ್ದ. "ನ್ಯಾಗುಥಿ, ಆ ಸೈಟು ಇದೆಯಲ್ಲ, ನಾವಿಬ್ರೂ ನೋಡ್ಕೊಂಡು ಬಂದಿದ್ವಲ್ಲ, ಮನೆ ಕಟ್ಟೋಕೆ ಅಂತ... ಅದನ್ನೇ ಬರ್ಕೊಡ್ತೀನಿ. ಆಯ್ತಾ? ಆ ಸೈಟೇ ತಗೋ."

ಡೇರೆಯೊಳಗೆ ಯಾರೂ ನಗಲಿಲ್ಲ. ಕಟ್ಟಿಹಾಕಿದ ಮೇಕೆಯೊಂದು ಮಾತ್ರ ಅರಚಿತು.

ನ್ಯಾಗುಥಿ ತಾನೇ ಬಟ್ಟೆ ಸರಿಸಿದಳು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಗಿತಾಹಿಯನ್ನು ನೋಡಿದಳು. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಸುಳ್ಳು ಹೇಳಿ ಈ ಮದುವೆಯನ್ನು ಉಳಿಸಿಕೊಳ್ಳುತ್ತಿದ್ದ.

ಗುಕಾನಿಗೆ ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿತ್ತು. ಆದರೂ ಪದ್ಧತಿ ಪದ್ಧತಿಯೇ. ಕೊಂಬು ಎತ್ತಿ ಹಿಡಿದು ಕೇಳಿದ. "ಮಗಳೇ, ಇದನ್ನ ಕುಡಿಯೋಣವಾ?"

"ಕುಡೀರಿ ಗುಕಾ," ಎಂದಳು ನ್ಯಾಗುಥಿ. "ಹೆಂಡ ಏನು ತಪ್ಪು ಮಾಡಿದೆ? ನೀವು ಮಾಡಿದ್ದು, ನೀವೇ ಕುಡೀರಿ. ನನ್ನ ಹೆಸರಲ್ಲಿ ಮಾತ್ರ ಬೇಡ."

ಗುಕಾ ತಲೆಯಾಡಿಸಿದ. ಹೆಂಗಸರ ಗುಂಪಿನಿಂದ ಒಂದು ದೀರ್ಘ ಉಸಿರು ಬಂತು. ಗಂಡಿನ ಕಡೆಯ ಇಬ್ಬರು ಎದ್ದು ಮೇಕೆಗಳ ಹಗ್ಗ ಬಿಚ್ಚತೊಡಗಿದರು.

"ನ್ಯಾಗುಥಿ, ಹೀಗೆಲ್ಲ ಎಲ್ಲರ ಮುಂದೆ ಬೇಡ," ಗಿತಾಹಿ ಹತ್ತಿರ ಬಂದು ಅಂಗಲಾಚಿದ. "ಬಾ, ಕಾರಲ್ಲಿ ಕೂತು ಮಾತಾಡೋಣ."

ಅದೊಂದು ಮಾತಿಗೆ ವಾರುಗುರು ಅತ್ತೆ ನಗು ತಡೆಯಲಾಗದೆ ಡೇರೆಯ ಹಿಂದಕ್ಕೆ ಓಡಿದಳು.

ಅವನು ಒಬ್ಬನೇ ಹೋಗಿ ಕೂತ. ಕೀಲಿ ತಿರುಗಿಸಿದ. ಬೆಟ್ಟ ಹತ್ತಿ ಬಂದ ಆಯಾಸಕ್ಕೋ ಅವಮಾನಕ್ಕೋ ಮಲ್ಕಿಯಾ ಉಸಿರೆತ್ತಲಿಲ್ಲ. ಮತ್ತೆ ತಿರುಗಿಸಿದ. ಡ್ಯಾಷ್‌ಬೋರ್ಡಿನ ಮೇಲೆ ಕೈಯಾಡಿಸಿ ಏನೋ ಸಮಾಧಾನ ಹೇಳಿ ಮತ್ತೆ ತಿರುಗಿಸಿದ. ಕೊನೆಗೆ ನ್ಯಾಗುಥಿಯ ಚಿಕ್ಕಪ್ಪಂದಿರು ಕೋಟು ಕಳಚಿ ಬೇಲಿಯ ಮೇಲೆ ಹಾಕಿ ತಳ್ಳಲು ನಿಂತರು. ಮದುವೆ ನಿಂತುಹೋದ ಮನೆಯಲ್ಲಿ ಗಂಡಸರಿಗೆ ಮಾಡಲು ಒಂದು ಕೆಲಸ ಸಿಕ್ಕಿದ್ದು ದೊಡ್ಡ ಉಪಕಾರ. ನ್ಯಾಗುಥಿ ಹೊದ್ದಿದ್ದ ಬಟ್ಟೆಯನ್ನು ಸೊಂಟಕ್ಕೆ ಬಿಗಿದು ಕಟ್ಟಿ, ಅವರ ನಡುವೆ ಜಾಗ ಮಾಡಿಕೊಂಡು, ಎರಡೂ ಅಂಗೈ ಊರಿದಳು.

ಕಿಟಕಿಯಿಂದ ಗಿತಾಹಿ ಕತ್ತು ಹೊರಹಾಕಿದ. ಅವಳನ್ನು ನೋಡಿದ.

"ಅಲ್ಲಿ ಮುಟ್ಬೇಡ," ಎಂದ. "ಬಣ್ಣ ಇನ್ನೂ ಹಸಿ ಇದೆ."

ಅವಳು ಅಲ್ಲೇ ಇನ್ನಷ್ಟು ಒತ್ತಿ ತಳ್ಳಿದಳು. ಕಾರು ಗೇಟು ದಾಟಿತು, ಇಳಿಜಾರು ಹಿಡಿಯಿತು, ಯಾರ ಸಹಾಯವೂ ಬೇಡವೆನ್ನುವ ಹಾಗೆ ಉರುಳಿತು. ಕೆಳಗೆ ಚಹಾ ತೋಟದ ತಿರುವಿನಲ್ಲಿ ಢಂ ಎಂದು ಹೊಗೆಯೆದ್ದು ಎಂಜಿನ್ ಹತ್ತಿಕೊಂಡಿತು. ಚಿಕ್ಕಪ್ಪಂದಿರು ಗೆದ್ದವರ ಹಾಗೆ ಚಪ್ಪಾಳೆ ಹೊಡೆದರು.

ನ್ಯಾಗುಥಿಯ ಎರಡೂ ಅಂಗೈ ಕೆಂಪಗಾಗಿದ್ದವು. ಡೇರೆಯ ಹತ್ತಿರ ಯಾರೋ ಮನೆಯದೇ ಮೇಕೆಯ ಮಾಂಸವನ್ನು ಕೆಂಡದ ಮೇಲೆ ತಿರುವುತ್ತಿದ್ದರು. ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿಲ್ಲವೆಂದು ಅವಳಿಗೆ ಆಗ ನೆನಪಾಯಿತು. ಸೀಮೆಎಣ್ಣೆ ಹಾಕಿ ಕೈ ಉಜ್ಜಿ ತೊಳೆದು, ಗುಕಾನ ಪಕ್ಕ ಒಂದು ಕುರ್ಚಿ ಎಳೆದುಕೊಂಡು, ಉಪ್ಪು ಯಾರ ಹತ್ತಿರ ಇದೆ ಎಂದು ಕೇಳಿದಳು.